ಅಜ್ಜನ ಬೀಟೆ ಮಂಚಕ್ಕೆ ಏಲಂನಲ್ಲಿ ಎಷ್ಟು ಬಂದೀತು?

ಪ್ರಶ್ನೆ: ನಮ್ಮದು ಕಾಪು ಕಡೆಯ ಹಳೆಯ ಮನೆ. ಪಾಲಾಗಿದೆ, ಮನೆ ಕೆಡವುವ ಮಾತು ನಡೆಯುತ್ತಿದೆ. ಅಜ್ಜನ ಕಾಲದ ನಾಲ್ಕು ಕಂಬದ ಬೀಟೆ ಮಂಚ, ಉದ್ದ ಕೈಯ ಎರಡು ಆರಾಮಕುರ್ಚಿ, ಅಮೃತಶಿಲೆ ಕೂರಿಸಿದ ಒಂದು ದುಂಡು ಮೇಜು, ಭತ್ತ ತುಂಬಿಡುತ್ತಿದ್ದ ದೊಡ್ಡ ಪತ್ತಾಯ ಉಂಟು. ಹಿಂದೆ ಮಂಗಳೂರಿನವರೊಬ್ಬರು ಮಂಚಕ್ಕೆ ಒಳ್ಳೆಯ ಬೆಲೆ ಹೇಳಿದ್ದರು, ತಂದೆಯವರು ಕೊಡಲಿಲ್ಲ. ಈಗ ಬಂದವರು ಅದರ ಅರ್ಧವೂ ಹೇಳುವುದಿಲ್ಲ. ಆದರೆ ಮೊಬೈಲಿನಲ್ಲಿ ನೋಡಿದರೆ, ತಲೆಕೆಳಗಾದ ‘ವಿ’ ಥರ ಕಾಲಿರುವ ಹಳೇ ಬೆತ್ತದ ಕುರ್ಚಿಗೆ ಏಲಂನಲ್ಲಿ ಲಕ್ಷಗಟ್ಟಲೆ ಬಂದಿದೆ. ಈ ದರ ಏರುವುದು, ಇಳಿಯುವುದು ಯಾವ ಲೆಕ್ಕದಲ್ಲಿ? ಪಾಲಿಶ್ ಹಾಕಿಸಿ ಏಲಂಗೆ ಕೊಡಬೇಕಾ, ಇನ್ನೂ ಕಾಯಬೇಕಾ?

ಉತ್ತರ: ಮೊದಲಿಗೆ, ಪಾಲಿಶ್ ಹಾಕಿಸಬೇಡಿ. ಆಚಾರಿಯವರಿಗೆ ಈಗಾಗಲೇ ಹೇಳಿದ್ದರೆ, ಸದ್ಯಕ್ಕೆ ಬರುವುದು ಬೇಡ ಅಂತ ತಿಳಿಸಿ. ಕಾರಣ ಮುಂದೆ ಹೇಳುತ್ತೇನೆ.

ಈಗ ದರದ ವಿಷಯ. ಏಲಂನಲ್ಲಿ ಬೆಲೆ ಮಾಡುವುದು ಸಾಮಾನನ್ನು ಗೆದ್ದವರು ಅಂತ ಎಲ್ಲರೂ ತಿಳಿದಿರುತ್ತಾರೆ. ನಿಜವಾಗಿ ಬೆಲೆ ಮಾಡುವುದು ಸೋತವರು, ಅಂದರೆ ಕೊನೆಯ ತನಕ ಹಿಡಿದು ಬಿಟ್ಟುಕೊಟ್ಟ ಎರಡನೆಯವರು. ನಿಮ್ಮ ಮಂಚಕ್ಕೆ ಒಬ್ಬರು 5 ಲಕ್ಷ ಕೊಡಲು ತಯಾರಾಗಿ ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಉಳಿದವರೆಲ್ಲ 50 ಸಾವಿರಕ್ಕೆ ಸುಮ್ಮನಾದರೆ ಮಂಚ ಅವರಿಗೆ 55 ಸಾವಿರಕ್ಕೆ ಸಿಕ್ಕಿಬಿಡುತ್ತದೆ. ಅವರ ಮನಸ್ಸಿನಲ್ಲಿ 5 ಲಕ್ಷ ಇತ್ತು ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ. ಅದೇ ಕೋಣೆಯಲ್ಲಿ ನಾಲ್ಕೂವರೆ ಲಕ್ಷದ ತನಕ ಹೋಗುವ ಇನ್ನೊಬ್ಬರು ಕೂತಿದ್ದರೆ, ಅದೇ ಮಂಚ ಅದೇ ದಿನ ಎಂಟು ಪಟ್ಟಿಗೂ ಜಾಸ್ತಿಗೆ ಹೋಗುತ್ತದೆ. ಮರ ಬದಲಾಗಲಿಲ್ಲ, ಕೆತ್ತನೆ ಬದಲಾಗಲಿಲ್ಲ. ಇನ್ನೊಬ್ಬರು ಬಂದರು, ಅಷ್ಟೇ. ಹಳೇ ಪೀಠೋಪಕರಣದ ದರದ ಬಗ್ಗೆ ಯಾರು ಏನೇ ಹೇಳಲಿ, ನೀವು ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಆ ಎರಡನೆಯವರು ಬರುತ್ತಾರಾ, ದೂರ ಹೋಗುತ್ತಾರಾ?

ಮಲ್ಪೆಯಲ್ಲಿ ಮೀನು ಏಲಂ ಆಗುವುದನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಅಂಜಲ್ ಅದೇ, ತೂಕ ಅದೇ. ಬೋಟುಗಳು ಒಟ್ಟಿಗೆ ಬಂದು ಬಿದ್ದ ದಿನ ಒಂದು ದರ, ಜೂನ್ ಜುಲೈಯಲ್ಲಿ ಟ್ರಾಲಿಂಗ್ ನಿಂತಾಗ ಇನ್ನೊಂದು ದರ. ಆದರೆ ಮೀನು ಅವತ್ತೇ ಹೋಗಬೇಕು, ಮಂಚ ಕಾಯಬಲ್ಲದು. ಮಾರುವವರ ಕೈಯಲ್ಲಿರುವ ದೊಡ್ಡ ಬಲ ಅದು. ಮನೆ ಕೆಡವುವ ತಾರೀಕು ಗೊತ್ತಾದ ಕೂಡಲೇ ಆ ಬಲ ನಿಮ್ಮ ಕೈ ಬಿಡುತ್ತದೆ. ಹಳೇ ಸಾಮಾನಿನ ವ್ಯಾಪಾರದವರು ಮನೆಗೆ ಬಂದು ಚಾವಡಿಯಲ್ಲಿ ಕೂತು ಮೊದಲು ಕೇಳುವುದು ಏನು ಗೊತ್ತುಂಟಾ? “ಮನೆ ಯಾವಾಗ ತೆಗೀತೀರಿ?” ಮಂಚದ ಬೆಲೆ ಆ ಉತ್ತರದಲ್ಲೇ ಅರ್ಧ ತೀರ್ಮಾನವಾಗುತ್ತದೆ. ಹಾಗಾಗಿ ಬೆಲೆ ಮಾತಾಡುವ ಮೊದಲು ಸಾಮಾನನ್ನು ನೆಂಟರ ಮನೆಯಲ್ಲೋ, ಬಾಡಿಗೆ ಕೋಣೆಯಲ್ಲೋ, ಒದ್ದೆಯಾಗದ ಒಂದು ಕಡೆ ಸೇರಿಸಿ. ಆಮೇಲೆ ಮಾತಾಡಿ.

ಹಿಂದೆ ನಿಮ್ಮ ಮನೆಗೆ ಬಂದವರು ಹೇಳಿದ ಬೆಲೆ ಸುಳ್ಳಲ್ಲ, ಈಗ ಬಂದವರದ್ದು ಪೂರ್ತಿ ಮೋಸವೂ ಅಲ್ಲ. ಆಗ ಬೀಟೆ ಮಂಚ ಹುಡುಕುತ್ತಿದ್ದವರು ಬೇರೆ. ಹೊಸ ಬಂಗಲೆ ಕಟ್ಟಿಸುವವರು ಇದ್ದರು. ಗೋವಾ, ಕೇರಳದ ರೆಸಾರ್ಟಿನವರು ಇದ್ದರು. ಮುಂಬೈಯಲ್ಲೋ ಗಲ್ಫಿನಲ್ಲೋ ದುಡಿದು ಊರಲ್ಲಿ ದೊಡ್ಡ ಮನೆ ಮಾಡಿದವರು ಇದ್ದರು. ಈಗ ಕದ್ರಿ, ಬಿಜೈ, ಫಳ್ನೀರು, ಮಣಿಪಾಲ, ಎಲ್ಲಿ ನೋಡಿದರೂ ಫ್ಲಾಟು. ನಾಲ್ಕು ಕಂಬದ ಮಂಚ ಲಿಫ್ಟಿನಲ್ಲಿ ಹಿಡಿಯುವುದಿಲ್ಲ. ಹಿಡಿದರೂ ಕೋಣೆಯಲ್ಲಿ ಒಂದು ಗೋಡೆಗೆ ವಾರ್ಡ್‌ರೋಬ್, ಮೇಲೆ ಫ್ಯಾನು. ಹಳೇ ಮಂಚದ ಅಳತೆಗೆ ಈಗಿನ ಹಾಸಿಗೆ ಕೂರುವುದಿಲ್ಲ. ಮಂಚ ಚಂದ ಉಂಟು ಅಂತ ಎಲ್ಲರೂ ಹೇಳುತ್ತಾರೆ, ಮನೆಗೆ ತೆಗೆದುಕೊಂಡು ಹೋಗುವವರು ಕಮ್ಮಿ.

ಅದೇ ಹೊತ್ತಿಗೆ ಮಾಲು ಮಾತ್ರ ಜಾಸ್ತಿ ಹೊರಗೆ ಬರುತ್ತಿದೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಒಕ್ಕಲುಗಳಿಂದ ಬರುತ್ತಿದ್ದ ಗೇಣಿ ನಿಂತಿತು. ಗುತ್ತಿನ ಮನೆ, ಬೀಡು ಅನ್ನುವ ಅಷ್ಟು ದೊಡ್ಡ ಜಮೀನ್ದಾರಿ ಮನೆಗಳನ್ನು ಸಾಕುವುದೇ ಎಷ್ಟೋ ಕುಟುಂಬಗಳಿಗೆ ಭಾರವಾಯಿತು. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ, ಕೂಡು ಕುಟುಂಬಗಳು ಪಾಲಾದವು. ಮಂಗಳೂರಿನ ಹಳೇ ಕ್ರೈಸ್ತ ಬಂಗಲೆಗಳು ಮಕ್ಕಳು ವಿದೇಶದಲ್ಲಿ ನೆಲೆಸಿದ ಮೇಲೆ ಅಪಾರ್ಟ್‌ಮೆಂಟ್ ಆಗುತ್ತಿವೆ. ಒಂದೊಂದು ಮನೆ ಇಳಿದಾಗಲೂ ಹೆಚ್ಚುಕಮ್ಮಿ ಅದೇ ಥರದ ಮಂಚ, ಅದೇ ಥರದ ಕಪಾಟು, ಅದೇ ಊಟದ ಮೇಜು ಪೇಟೆಗೆ ಬರುತ್ತದೆ. ಈ ಮನೆಗಳನ್ನು ಕಂಡು ಸಂಕಟಪಟ್ಟವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನ ಉದ್ಯೋಗದಲ್ಲಿದ್ದುಕೊಂಡೇ ಹಳೇ ಸಾಮಾನು ಸಂಗ್ರಹಿಸಿದರು, ಕೆಡವುತ್ತಿದ್ದ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಮರುಜೋಡಿಸಿದರು. ಅವರು 2017ರಲ್ಲಿ ತೀರಿಕೊಂಡರು. ಸಾಮಾನು ಕೊಡುವ ತೀರ್ಮಾನ ಮಾಡುವ ಮೊದಲು ಮನೆಯವರೆಲ್ಲ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ನಿಮ್ಮ ಮನೆಯಲ್ಲಿ ಇರುವುದು ಏನು ಅಂತ ಬೇರೆಯೇ ಕಣ್ಣಿನಲ್ಲಿ ಕಾಣುತ್ತದೆ.

ಹೀಗಾದದ್ದು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 18, 19ನೇ ಶತಮಾನದ ಮಹೋಗನಿ, ಓಕ್, ವಾಲ್‌ನಟ್ ಮರದ ಸಾಮಾನಿಗೆ ವ್ಯಾಪಾರದವರು ‘ಬ್ರೌನ್ ಫರ್ನಿಚರ್’ ಅನ್ನುತ್ತಾರೆ. ಅಲ್ಲಿ 1968ರಿಂದ ಅಂಥ ಸಾಮಾನಿನ ದರಕ್ಕೆ ಒಂದು ಸೂಚ್ಯಂಕವನ್ನೇ ಲೆಕ್ಕ ಹಾಕುತ್ತಾ ಬಂದಿದ್ದರು. ದಶಕಗಳ ಕಾಲ ಅದು ಒಟ್ಟಿನಲ್ಲಿ ಏರುತ್ತಾ ಹೋಯಿತು. ಹೊಸ ಶತಮಾನ ಶುರುವಾದ ಮೇಲೆ ಇಳಿಯತೊಡಗಿತು, ಆಮೇಲೆ ಬಹಳ ವರ್ಷ ಏಳಲಿಲ್ಲ. ಮನೆಗಳು ಸಣ್ಣದಾದವು, ಜನ ಹಗುರ ಸಾಮಾನು ಕೇಳಿದರು, ಕೂತು ಉಣ್ಣುವ ದೊಡ್ಡ ಮೇಜು ಯಾರಿಗೂ ಬೇಡವಾಯಿತು. ಕಾರಣಗಳು ಅವೇ. ಸಾಧಾರಣ ಮಟ್ಟದ ಕಪಾಟು, ಮೇಜುಗಳು 1990ರ ದಶಕದ ದರದ ಅರ್ಧಕ್ಕಿಂತ ಕೆಳಗೆ ಹೋದದ್ದು ಅಲ್ಲಿ ಸಾಮಾನ್ಯ ಸಂಗತಿ.

ಆದರೆ ಇದೇ ಇಳಿತದ ನಡುವೆ ನಡೆದ ಇನ್ನೊಂದು ಮಾರಾಟ ನೋಡಿ. ಫ್ಲಾರೆನ್ಸಿನಲ್ಲಿ 18ನೇ ಶತಮಾನದಲ್ಲಿ ಮಾಡಿದ, ಬಣ್ಣದ ಕಲ್ಲುಗಳನ್ನು ಕೂರಿಸಿದ ಬ್ಯಾಡ್ಮಿಂಟನ್ ಕ್ಯಾಬಿನೆಟ್ ಅಂತ ಒಂದು ಬೃಹತ್ ಕಪಾಟು ಉಂಟು. ಲಂಡನ್ನಿನ ಕ್ರಿಸ್ಟೀಸ್ ಏಲಂನಲ್ಲಿ 1990ರಲ್ಲಿ ಅದು 85 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು. 2004ರ ಡಿಸೆಂಬರಿನಲ್ಲಿ ಮತ್ತೆ ಅಲ್ಲೇ ಬಂದಾಗ 1 ಕೋಟಿ 90 ಲಕ್ಷ ಪೌಂಡ್ ದಾಟಿತು. ಕೊಂಡವರು ಲಿಕ್ಟೆನ್‌ಸ್ಟೈನ್ ದೇಶದ ರಾಜಕುಮಾರರು, ತಮ್ಮ ಮ್ಯೂಸಿಯಂಗೆ. ಸಾಧಾರಣ ಮಾಲಿನ ದರ ಇಳಿಯತೊಡಗಿದ್ದ ಹೊತ್ತಿನಲ್ಲಿ ಮಾರಾಟವಾದರೂ ಇದಕ್ಕೆ 1990ರ ಎರಡು ಪಟ್ಟಿಗೂ ಮೀರಿ ಬಂತು. ಅಂಥದ್ದು ಇನ್ನೊಂದಿಲ್ಲ ಅನ್ನುವ ಸಾಮಾನಿಗೆ ಎರಡನೆಯವರು ಯಾವ ಕಾಲದಲ್ಲೂ ಸಿಗುತ್ತಾರೆ. ಮನೆಮನೆಯಲ್ಲೂ ಇದ್ದ ಸಾಮಾನಿಗೆ ಹಾಗಲ್ಲ, ಅದು ಕಾಲದ ರುಚಿಯ ಜೊತೆ ಏರಿ ಇಳಿಯುತ್ತದೆ. ‘ಆಂಟಿಕ್ ದರ ಏರಿದೆ’, ‘ಆಂಟಿಕ್ ದರ ಬಿದ್ದಿದೆ’ ಅಂತ ಒಟ್ಟಾರೆ ಹೇಳುವ ಮಾತನ್ನು ಅದಕ್ಕೇ ನಾನು ಒಪ್ಪುವುದಿಲ್ಲ.

ಹೆಸರು ಕೂಡ ಎರಡನೆಯವರನ್ನು ಕರೆತರುತ್ತದೆ. 2009ರಲ್ಲಿ ಪ್ಯಾರಿಸ್‌ನಲ್ಲಿ ಐಲೀನ್ ಗ್ರೇ ಎಂಬ ವಿನ್ಯಾಸಗಾರ್ತಿ ಮಾಡಿದ ಒಂದೇ ಒಂದು ಕುರ್ಚಿ ಏಲಂಗೆ ಬಂತು. ಏಲಂನವರು ಹಾಕಿದ್ದ ಅಂದಾಜು 20ರಿಂದ 30 ಲಕ್ಷ ಯೂರೋ. ಹೋದದ್ದು 2 ಕೋಟಿ 19 ಲಕ್ಷ ಯೂರೋಗೆ. ಮಾಡಿದವರ ಹೆಸರು ಒಂದು ಕಡೆ, ಅದು ಇದ್ದದ್ದು ಪ್ರಸಿದ್ಧ ಉಡುಪು ವಿನ್ಯಾಸಗಾರ ಈವ್ ಸಾಂ ಲೊರಾಂ ಅವರ ಸಂಗ್ರಹದಲ್ಲಿ ಅನ್ನುವುದು ಇನ್ನೊಂದು ಕಡೆ.

ನೀವು ಮೊಬೈಲಿನಲ್ಲಿ ಕಂಡ ಬೆತ್ತದ ಕುರ್ಚಿಯ ಕತೆಯೂ ಇಂಥದ್ದೇ. ನೀವು ಹೇಳುವ ಕಾಲಿನ ಆಕಾರ ಚಂಡೀಗಢದ ಕುರ್ಚಿಯದ್ದು. 1950, 60ರ ದಶಕದಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೇ ಆ ನಗರ ಕಟ್ಟುವಾಗ ಅವರ ಬಂಧು ಪಿಯೇರ್ ಜಾನರೆ ಅಲ್ಲಿನ ಸರಕಾರಿ ಕಚೇರಿ, ಕೋರ್ಟು, ಯೂನಿವರ್ಸಿಟಿಗಳಿಗೆ ಸಾಗುವಾನಿ ಮತ್ತು ಬೆತ್ತದ ಕುರ್ಚಿ ಮೇಜುಗಳನ್ನು ರೂಪಿಸಿದರು. ಸಾವಿರಗಟ್ಟಲೆ ಮಾಡಿಸಿದರು. ಮಾಡಿದವರು ನಮ್ಮ ದೇಶದ ಬಡಗಿಗಳೇ. ಕಾಲ ಕಳೆದಂತೆ ಬೆತ್ತ ಹರಿಯಿತು, ಕಾಲು ಅಲುಗಾಡಿತು. ಕಚೇರಿಯವರು ಟೆರೇಸಿನ ಮೇಲೆ ರಾಶಿ ಹಾಕಿ ಗುಜರಿ ದರಕ್ಕೆ ಏಲಂ ಮಾಡಿದರು. ಮೊದಮೊದಲು ಆ ಏಲಂಗೆ ಬರುತ್ತಿದ್ದವರು ಹೆಚ್ಚಾಗಿ ಸ್ಥಳೀಯ ಗುಜರಿಯವರು. ಆಮೇಲೆ ಯುರೋಪಿನ ವ್ಯಾಪಾರಿಗಳು ಬಂದು ಅದನ್ನು ರಾಶಿಗಟ್ಟಲೆ ಕೊಂಡರು, ರಿಪೇರಿ ಮಾಡಿಸಿದರು, ಪ್ರದರ್ಶನ ಇಟ್ಟರು, ಕ್ಯಾಟಲಾಗ್ ಮಾಡಿದರು. ಹೀಗೆ ಆ ಕುರ್ಚಿಗೆ ಪ್ಯಾರಿಸ್, ಲಂಡನ್, ನ್ಯೂಯಾರ್ಕಿನಲ್ಲಿ ಎರಡನೆಯವರು, ಮೂರನೆಯವರು, ಹತ್ತನೆಯವರು ಹುಟ್ಟಿಕೊಂಡರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ರಫ್ತು ತಡೆಯಲು ಆದೇಶ ಹೊರಡಿಸಬೇಕಾಯಿತು.

ಆ ಕತೆಯಲ್ಲಿ ನಿಮಗೆ ಬೇಕಾದ ಒಂದು ವಿವರ ಉಂಟು. ಆ ಕುರ್ಚಿಗಳ ಹಿಂದೆಯೋ ಅಡಿಯಲ್ಲೋ ಕಚೇರಿಯವರು ಬಣ್ಣದಲ್ಲಿ ಬರೆದ ಇಲಾಖೆಯ ಅಕ್ಷರ, ನಂಬರ್ ಇರುತ್ತಿದ್ದವು. ಸುಮ್ನೆ ಲೆಕ್ಕಕ್ಕೆ ಬರೆದದ್ದು. ಇವತ್ತು ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳುವಾಗ ಕೊಳ್ಳುವವರು ಮೊದಲು ಹುಡುಕುವುದು ಆ ಬರಹವನ್ನು. ಅದನ್ನು ಉಜ್ಜಿ ತೆಗೆದು ಹೊಳಪು ಬರಿಸಿದ ಕುರ್ಚಿಗೆ ಅನುಮಾನ ಅಂಟಿಕೊಳ್ಳುತ್ತದೆ.

ಪಾಲಿಶ್ ಬೇಡ ಅಂದದ್ದು ಈ ಕಾರಣಕ್ಕೇ. ನಿಮ್ಮ ಮಂಚಕ್ಕೆ ಹಿಂದೆ ಕೊಟ್ಟದ್ದು ಅರಗಿನ ಪಾಲಿಶ್. ಅದು ಕೈ ತಾಗಿ, ಹೊಗೆ ತಾಗಿ, ವರ್ಷಗಳ ಕಾಲ ಒರೆಸಿ ಒರೆಸಿ ಒಂದು ಬಣ್ಣಕ್ಕೆ ಬಂದಿರುತ್ತದೆ. ತಲೆ ಒರಗುವ ಕಡೆ ಒಂದು ಥರ, ಕಾಲಿನ ಬುಡದಲ್ಲಿ ಒಂದು ಥರ. ಅದನ್ನು ಮತ್ತೆ ಹೊಸದಾಗಿ ಮಾಡಲು ಯಾರಿಂದಲೂ ಆಗದು. ಈಗ ಮೆಷಿನ್ ಹಿಡಿದು ಉಜ್ಜಿ, ಮೇಲೆ ಮೆಲಮೈನ್ ಅನ್ನುವ ಹೊಳಪಿನ ಲೇಪ ಹೊಡೆದರೆ ಮಂಚ ಶೋರೂಮಿನದ್ದರ ಹಾಗೆ ಮಿಂಚುತ್ತದೆ. ಆಗ ದೂರದಿಂದ ಫೋಟೋ ನೋಡುವವರಿಗೆ ಇದು ನೂರು ವರ್ಷದ್ದಾ, ಮೊನ್ನೆ ಮಾಡಿದ್ದಾ ಅಂತ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಅವರು ಕೈ ಎತ್ತುವುದಿಲ್ಲ. ಎರಡನೆಯವರು ಹೋದರು. ಒಣ ಬಟ್ಟೆ, ಮೆತ್ತನೆಯ ಬ್ರಶ್, ಅಷ್ಟು ಸಾಕು. ಕುಟ್ಟೆ ಹಿಡಿದಿದ್ದರೆ ಅದಕ್ಕೆ ಮಾತ್ರ ಮದ್ದು ಕೊಡಿಸಿ. ಕೆತ್ತನೆಯ ತುಂಡೇನಾದರೂ ಮುರಿದು ಬಿದ್ದಿದ್ದರೆ ಬಿಸಾಡಬೇಡಿ, ಚೀಲದಲ್ಲಿ ಹಾಕಿ ಮಂಚಕ್ಕೇ ಕಟ್ಟಿಡಿ.

ಹಳೆಯದು ಅಂತ ತೋರಿಸುವ ಗುರುತುಗಳು ಹೆಚ್ಚಾಗಿ ಯಾರೂ ನೋಡದ ಕಡೆ ಇರುತ್ತವೆ. ಮಂಚದ ಅಡ್ಡಪಟ್ಟಿಯ ಒಳಮೈ ನೋಡಿ. ಕೈಗರಗಸದ ಗೀರು ನೇರ, ಆದರೆ ಒಂದಕ್ಕೊಂದು ಸಮ ಇರುವುದಿಲ್ಲ. ಮೆಷಿನ್ನಿನ ದುಂಡು ಗರಗಸದ ಗೀರು ಬಿಲ್ಲಿನಂತೆ ಬಾಗಿರುತ್ತದೆ. ಮೇಜಿನ ಅಡಿಯಲ್ಲಿ ಸ್ಕ್ರೂ ಇದ್ದರೆ ಅದರ ತಲೆಯ ಗೀಟು ನಟ್ಟನಡುವೆ ಉಂಟಾ, ಸ್ವಲ್ಪ ಓರೆಯಾ ನೋಡಿ. ಓರೆ ಇದ್ದರೆ ಕೈಯಲ್ಲಿ ಮಾಡಿದ್ದಿರಬಹುದು. ಎಲ್ಲಾದರೂ ಪ್ಲೈವುಡ್ ಕಂಡರೆ ಆ ಭಾಗ ಹೆಚ್ಚಾಗಿ 20ನೇ ಶತಮಾನದ್ದೋ ಆಮೇಲಿನದ್ದೋ ಆಗಿರುತ್ತದೆ. ಎರಡು ಬೇರೆ ಬೇರೆ ಸಾಮಾನಿನ ಭಾಗ ಜೋಡಿಸಿ ಒಂದು ಮಾಡುವುದೂ ಈ ವ್ಯಾಪಾರದಲ್ಲಿ ಮಾಮೂಲು. ನಿಮ್ಮ ಸಾಮಾನು ಮನೆಯಿಂದ ಕದಲಿಲ್ಲ, ಅದೇ ನಿಮ್ಮ ದೊಡ್ಡ ಆಸ್ತಿ. ಅದನ್ನು ದಾಖಲೆ ಮಾಡಿಡಿ. ಮಂಚ ಈಗ ಇರುವ ಕೋಣೆಯಲ್ಲೇ ಫೋಟೋ ತೆಗೆಯಿರಿ. ಹಳೇ ಮದುವೆ ಫೋಟೋಗಳ ಹಿಂಬದಿಯಲ್ಲಿ ಎಲ್ಲಾದರೂ ಆ ಕುರ್ಚಿ ಕಾಣುತ್ತದಾ ಹುಡುಕಿ. ಮನೆಯ ಹಿರಿಯರಿಗೆ ನೆನಪಿರುವುದನ್ನು, ಯಾರು ಮಾಡಿಸಿದರು, ಮರ ಎಲ್ಲಿಯದ್ದು, ಆಚಾರಿ ಯಾವ ಊರಿನವರು, ಅವರದ್ದೇ ಮಾತಿನಲ್ಲಿ ಬರೆಸಿ ಸಹಿ ಮಾಡಿಸಿ. ಪಾಲುಪತ್ರದಲ್ಲಿ ಸಾಮಾನಿನ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಏಲಂ ನಡೆಯುವ ಬಗೆ. ಏಲಂ ಸಂಸ್ಥೆಯವರು ಮೊದಲು ಒಂದು ಅಂದಾಜು ಬೆಲೆ ಹಾಕುತ್ತಾರೆ, ಇಷ್ಟರಿಂದ ಇಷ್ಟು ಅಂತ. ಅದರ ಒಳಗೆ ನಿಮ್ಮ ಜೊತೆ ಗುಟ್ಟಾಗಿ ಒಂದು ರಿಸರ್ವ್ ಬೆಲೆ ಮಾತಾಡಿಕೊಳ್ಳುತ್ತಾರೆ. ಅದಕ್ಕಿಂತ ಕೆಳಗೆ ಮಾರುವ ಹಾಗಿಲ್ಲ. ರಿಸರ್ವ್ ಸಾಮಾನ್ಯವಾಗಿ ಅಂದಾಜಿನ ಕೆಳಗಿನ ಅಂಕಿಯನ್ನು ಮೀರುವುದಿಲ್ಲ. ಮಾರುವವರಿಗೆ ಅಂದಾಜು ಎತ್ತರ ಇರಬೇಕು ಅಂತ ಆಸೆ. ಅದು ಸಹಜ, ಆದರೆ ನಷ್ಟ ಆಗುವುದು ಅಲ್ಲಿಯೇ. ಅಂದಾಜು ಎತ್ತರ ಕಂಡರೆ ‘ನನ್ನ ಕೈಗೆ ಎಟುಕದು’ ಅಂತ ಜನ ಮೊದಲೇ ಹಿಂದೆ ಸರಿಯುತ್ತಾರೆ. ಅಂದಾಜು ಕೆಳಗಿದ್ದರೆ ನಾಲ್ಕು ಜನ ಹೆಚ್ಚು ಬರುತ್ತಾರೆ. ಬಂದವರು ಒಮ್ಮೆ ಕೈ ಎತ್ತಿದ ಮೇಲೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. 2015ರಲ್ಲಿ ನ್ಯೂಯಾರ್ಕಿನಲ್ಲಿ ಚೀನಾದ ಹ್ವಾಂಗ್‌ಹ್ವಾಲಿ ಮರದ ನಾಲ್ಕು ಹಳೇ ಕುರ್ಚಿಗಳಿಗೆ 8ರಿಂದ 12 ಲಕ್ಷ ಡಾಲರ್ ಅಂದಾಜು ಹಾಕಿದ್ದರು. 96 ಲಕ್ಷ ಡಾಲರಿಗೂ ಜಾಸ್ತಿ ಬಂತು. ಹಣ ಬಂದ ಚೀನೀಯರು ತಮ್ಮ ನಾಡಿನ ಸಾಮಾನನ್ನು ವಾಪಸ್ ಕೊಳ್ಳಲು ಹೊರಟಿದ್ದ ಕಾಲ ಅದು. ಬೀಟೆಯ ಹಾಗೆ ಹ್ವಾಂಗ್‌ಹ್ವಾಲಿ ಕೂಡ ಡಾಲ್ಬರ್ಜಿಯಾ ಕುಲದ ಮರ.

ಮಾರಾಟವಾಗದೆ ವಾಪಸ್ ಬಂದ ಸಾಮಾನಿನ ಕಷ್ಟ ದೊಡ್ಡದು. ಮೊದಲು ಅದು ಒಂದು ಕೋಣೆಯಲ್ಲಿ ನಡೆದು ಮರೆತುಹೋಗುತ್ತಿತ್ತು. ಈಗ ಏಲಂ ಫಲಿತಾಂಶ ಅಂತರ್ಜಾಲದಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಕೊಳ್ಳಲು ಬಂದವರು ಮೊದಲು ಅದನ್ನು ನೋಡಿ, ‘ಇದರಲ್ಲಿ ಏನೋ ದೋಷ ಇರಬೇಕು’ ಅಂದುಕೊಳ್ಳುತ್ತಾರೆ. ಹಾಗೆ ಒಮ್ಮೆ ವಾಪಸ್ ಬಂದರೆ ಕೆಲವು ವರ್ಷ ಸುಮ್ಮನಿರುವುದು ಒಳ್ಳೆಯದು.

ಏಲಂನಲ್ಲಿ ಕೂಗಿದ ಬೆಲೆಯೂ ಕೈಗೆ ಬರುವ ಹಣವೂ ಒಂದೇ ಅಲ್ಲ. ಕೊಳ್ಳುವವರಿಂದ ಸಂಸ್ಥೆಯವರು ಬೈಯರ್ಸ್ ಪ್ರೀಮಿಯಂ, ಅಂದರೆ ಕೂಗಿದ ಬೆಲೆಯ ಮೇಲೆ ಇಷ್ಟು ಶೇಕಡಾ ಅಂತ ಶುಲ್ಕ, ತೆಗೆದುಕೊಳ್ಳುತ್ತಾರೆ. ಲಂಡನ್ನಿನ ದೊಡ್ಡ ಎರಡು ಸಂಸ್ಥೆಗಳು 1975ರಲ್ಲಿ ಶುರು ಮಾಡಿದ ಪದ್ಧತಿ ಅದು, ಈಗ ಎಲ್ಲ ಕಡೆ ಉಂಟು. ಮಾರುವವರಿಂದ ಕಮಿಷನ್ ಬೇರೆ. ಒಂದು ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನವರೊಬ್ಬರು ನಿಮ್ಮ ಮೇಜಿಗೆ ಎಲ್ಲ ಸೇರಿ 1 ಲಕ್ಷ ಖರ್ಚು ಮಾಡಲು ತಯಾರು. ಲಾರಿ, ರಿಪೇರಿಗೆ 25 ಸಾವಿರ ತೆಗೆದಿಟ್ಟರು. ಉಳಿದ 75 ಸಾವಿರದೊಳಗೆ ಬೆಲೆಯೂ ಪ್ರೀಮಿಯಂ ಕೂಡ ಬರಬೇಕು. ಪ್ರೀಮಿಯಂ ಶೇ. 20, ಅದರ ಮೇಲೆ ಶೇ. 18ರ ಜಿಎಸ್‌ಟಿ ಅಂತ ಹಿಡಿದರೆ ಅವರು ಕೂಗಬಹುದಾದದ್ದು ಸುಮಾರು 60 ಸಾವಿರ. ಅದರಲ್ಲಿ ನಿಮ್ಮ ಕಮಿಷನ್ ಶೇ. 15, ಅದಕ್ಕೂ ತೆರಿಗೆ. ನಿಮ್ಮ ಕೈಗೆ 50 ಸಾವಿರವೂ ಬರುವುದಿಲ್ಲ. ಸಾಮಾನಿನ ಮೇಲೆಯೇ ತೆರಿಗೆ ಬಿದ್ದರೆ ಇನ್ನೂ ಇಳಿಯುತ್ತದೆ. ಹಾಗಾಗಿ ಮನೆ ಬಾಗಿಲಿಗೆ ಬಂದು 50 ಸಾವಿರ ನಗದು ಕೊಡುವವರನ್ನು ಕಳ್ಳರು ಅಂತ ತಿಳಿಯಬೇಡಿ. ಸಂಸ್ಥೆಯ ಜೊತೆ ಮಾತಾಡುವಾಗ ಕಮಿಷನ್, ಸಾಗಾಟ, ವಿಮೆ, ಫೋಟೋ ಖರ್ಚು, ಮಾರದಿದ್ದರೆ ವಾಪಸ್ ತರುವ ಖರ್ಚು ಯಾರದ್ದು ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಏಲಂ ಬಗ್ಗೆಯೇ ಇದೆ. ಮಾರಾಟ ಮುಗಿಯಿತು ಅಂತ ಏಲಂನವರ ಸುತ್ತಿಗೆ ಬೀಳುವ ತನಕ ಯಾರು ಬೇಕಾದರೂ ತಮ್ಮ ಸವಾಲು ವಾಪಸ್ ಪಡೆಯಬಹುದು. ಬೆಲೆ ಏರಿಸಲೆಂದು ಮಾರುವವರು ಸುಳ್ಳು ಸವಾಲು ಕೂಗಿಸಿದ್ದರೆ ಕೊಂಡವರು ಆ ಮಾರಾಟವನ್ನು ರದ್ದು ಮಾಡಿಸಬಹುದು. ಹಾಗಾಗಿ ‘ನಮ್ಮ ಭಾವನನ್ನು ಕೂರಿಸಿ ಎರಡು ಸಲ ಕೈ ಎತ್ತಿಸುತ್ತೇವೆ’ ಅನ್ನುವ ಯೋಚನೆ ಬೇಡ. ಇದರ ಉಲ್ಟಾ ಕೆಲಸವೂ ನಡೆಯುತ್ತದೆ. ವ್ಯಾಪಾರಿಗಳು ಮೊದಲೇ ಒಳಗೊಳಗೆ ಮಾತಾಡಿಕೊಂಡು ಒಬ್ಬರೇ ಕೂಗುತ್ತಾರೆ, ಉಳಿದವರು ಸುಮ್ಮನಿರುತ್ತಾರೆ, ಆಮೇಲೆ ತಮ್ಮೊಳಗೆ ಹಂಚಿಕೊಳ್ಳುತ್ತಾರೆ. 2002ರ ಸ್ಪರ್ಧಾ ಕಾಯ್ದೆ ಅದನ್ನು ನಿಷೇಧಿಸುತ್ತದೆ. ಆದರೆ ಸಣ್ಣ ಏಲಂಗಳಲ್ಲಿ ಹಿಡಿಯುವುದು ಕಷ್ಟ. ರಿಸರ್ವ್ ಬೆಲೆ ಇಡುವುದೊಂದೇ ನಿಮಗಿರುವ ರಕ್ಷಣೆ. ಕಚೇರಿ, ಕಾಲೇಜುಗಳ ಹಳೇ ಸಾಮಾನು ‘ಇದ್ದಲ್ಲಿ ಇದ್ದ ಹಾಗೆ’ ಅಂತ ರಾಶಿಯಾಗಿ ಏಲಂ ಆಗುವಾಗ ಒಳ್ಳೆಯ ಬೀಟೆ ಕುರ್ಚಿಗಳೂ ಸೌದೆಯ ದರಕ್ಕೆ ಹೋಗುವುದನ್ನು ಕಂಡು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಲ್ಲಿ ಕೂಗಲು ಬರುವುದು ಗುಜರಿಯವರು ಮಾತ್ರ, ಅವರು ನೋಡುವುದು ತೂಕ.

ವಿದೇಶದ ದರ ನಿಮ್ಮ ಮಂಚಕ್ಕೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಗಟ್ಟಿ ಕಾರಣ ಉಂಟು. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಅಂಥದ್ದನ್ನು ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಮೇಲಾಗಿ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಮರಕ್ಕೆಲ್ಲ 2017ರ ಜನವರಿಯಿಂದ ಸೈಟಿಸ್ ಎಂಬ, ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರದ ಒಪ್ಪಂದದ ಅಂತರರಾಷ್ಟ್ರೀಯ ನಿಯಂತ್ರಣ ಬಂದಿದೆ. ಅಂದರೆ ಲಂಡನ್, ದುಬೈಯ ಎರಡನೆಯವರು ನಿಮ್ಮ ಮಂಚದ ಏಲಂಗೆ ಬರುವುದೇ ಇಲ್ಲ. ನಿಮ್ಮ ಪೇಟೆ ಭಾರತ ಮಾತ್ರ. ಈ ನಿಯಮ ಇರಬೇಕಾದದ್ದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ನಮ್ಮ ಊರಿನ ಕಂಬ, ಬಾಗಿಲು ಎಂದೋ ಹಡಗು ಹತ್ತುತ್ತಿದ್ದವು. ಮನೆಯಲ್ಲಿ ದೈವದ ಮೊಗ (ಮುಖವಾಡ), ಮರದ ಮೂರ್ತಿ, ದೈವದ ಉಯ್ಯಾಲೆ ಇದ್ದರೆ ಅದನ್ನು ಈ ಮಾತುಕತೆಗೆ ತರಲೇಬೇಡಿ, ಅದು ಕುಟುಂಬಕ್ಕೆಲ್ಲ ಸೇರಿದ್ದು. ದಂತದ ಕೆಲಸ ಇದ್ದರೆ ಮಾರುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಈಗ ನಿಮ್ಮ ಒಂದೊಂದೇ ಸಾಮಾನಿಗೆ ಬರೋಣ. ಮಂಚಕ್ಕೆ ಅವಸರ ಮಾಡಬೇಡಿ. ಬೀಟೆ ಮರಕ್ಕೇ ಒಂದು ಬೆಲೆ ಉಂಟು, ಅದಕ್ಕಿಂತ ಕೆಳಗೆ ದರ ಹೋಗದು. ಈಗ ಬಂದವರು ಹೇಳುತ್ತಿರುವುದು ಹೆಚ್ಚುಕಮ್ಮಿ ಆ ಮರದ ಬೆಲೆ. ಅಂಥವರ ಕೈಗೆ ಹೋದರೆ ಮಂಚವನ್ನು ಕೊಯ್ದು ಹೊಸ ಟೀಪಾಯಿ ಮಾಡುವ ಅಪಾಯವೂ ಇದೆ. ಹಳೇ ಮನೆಗಳನ್ನು ಹೋಮ್‌ಸ್ಟೇ ಮಾಡುವವರು, ಸಣ್ಣ ಹೆರಿಟೇಜ್ ಹೋಟೆಲಿನವರು ನಿಮ್ಮ ಗಿರಾಕಿಗಳು. ಅವರಲ್ಲಿ ಕನಿಷ್ಠ ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ ಬೆಲೆ ಕೇಳಿ. ಇಬ್ಬರೂ ಒಳ್ಳೆಯ ಬೆಲೆ ಹೇಳಿದರೆ ಏಲಂ ಬೇಕಾಗಿಯೇ ಇಲ್ಲ.

ಕುರ್ಚಿಗಳನ್ನು ಈಗಲೇ ಮಾರಬಹುದು. ಉದ್ದ ಕೈಯ ಆರಾಮಕುರ್ಚಿ ಫ್ಲಾಟಿನ ಬಾಲ್ಕನಿಗೂ ಆಗುತ್ತದೆ, ರೆಸಾರ್ಟಿನ ಜಗಲಿಗೂ ಆಗುತ್ತದೆ. ಆದರೆ ಪಾಲು ಮಾಡುವಾಗ ಅಣ್ಣನಿಗೊಂದು ತಮ್ಮನಿಗೊಂದು ಅಂತ ಜೋಡಿ ಒಡೆಯಬೇಡಿ. ಜೋಡಿಗೆ ಬರುವುದು ಒಂಟಿಯ ಎರಡು ಪಟ್ಟಿಗಿಂತ ಜಾಸ್ತಿ. ಬೇಕಾದರೆ ಮಾರಿ ಹಣ ಹಂಚಿಕೊಳ್ಳಿ. ಬೆತ್ತ ಹರಿದಿದ್ದರೆ ಹಾಗೆಯೇ ಇರಲಿ. ಕೊಂಡವರು ಕೈಯಲ್ಲಿ ಹೆಣೆಸಿಕೊಳ್ಳುತ್ತಾರೆ, ಚೌಕಟ್ಟಿನ ಹಳೇ ತೂತುಗಳು ಹಾಳಾಗದಿದ್ದರೆ ಸಾಕು.

ದುಂಡು ಮೇಜನ್ನು ಏಲಂಗೆ ಕೊಡಬಹುದು, ಅದು ಎಲ್ಲಿಗೂ ಸಾಗುವ ಸಾಮಾನು. ಕಲ್ಲಿನ ಹಲಗೆ ಬಿಚ್ಚಿ, ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಸಾಗಿಸಿ. ಮಲಗಿಸಿದರೆ ಲಾರಿಯ ಒಂದು ಕುಲುಕಿಗೆ ಬಿರುಕು ಬಿಡುತ್ತದೆ. ಆದಾಯ ತೆರಿಗೆಯಲ್ಲಿ ಮನೆಬಳಕೆಯ ಪೀಠೋಪಕರಣ ಬಂಡವಾಳ ಆಸ್ತಿಯಲ್ಲ, ಆದರೆ ಕಲಾಕೃತಿ ಹೌದು. ದೊಡ್ಡ ಮೊತ್ತ ಬಂದರೆ ಆಡಿಟರನ್ನು ಕೇಳಿ.

ಪತ್ತಾಯಕ್ಕೆ ಏಲಂನಲ್ಲಿ ಎರಡನೆಯವರು ಸಿಗುವುದು ಕಷ್ಟ. ಅದು ಏನು ಅಂತ ಕರಾವಳಿಯ ಹೊರಗೆ ಹೆಚ್ಚಿನವರಿಗೆ ಗೊತ್ತಿಲ್ಲ. ಕುಟುಂಬದಲ್ಲಿ ಯಾರಿಗಾದರೂ ಜಾಗ ಇದ್ದರೆ ಅವರು ಇಟ್ಟುಕೊಳ್ಳಲಿ. ಇಲ್ಲದಿದ್ದರೆ ಊರಿನ ಶಾಲೆಗೋ ಮ್ಯೂಸಿಯಂಗೋ, ಮನೆಯ ಹೆಸರು ಬರೆದ ಫಲಕದ ಜೊತೆ ಕೊಡಿ. ಬಾಗಿಲಲ್ಲಿ ಹಿಡಿಯದೆ ಅದನ್ನು ಕೊಯ್ದು ಹೊರತೆಗೆದ ಮನೆಗಳನ್ನು ನೋಡಿದ್ದೇನೆ. ಕೊಯ್ಯುವುದು ಬೇಡ, ಅದನ್ನು ಒಳಗೇ ಜೋಡಿಸಿದ್ದು, ಒಳಗೇ ಬಿಚ್ಚಬಹುದು. ಬಿಚ್ಚುವ ಮೊದಲು ಪ್ರತಿ ಹಲಗೆಯ ಒಳಮೈಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿಸಿ, ನಾಲ್ಕೂ ಬದಿಯ ಫೋಟೋ ತೆಗೆಸಿ. ಮರದ ಬೆಣೆಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಹಲಗೆಗಳ ಜೊತೆಗೇ ಕಳಿಸಿ.